ನೂರು ರೂಪಾಯಿಯ ನೀರು: ತುಂಗಭದ್ರಾ ಎಡದಂಡೆ ಕಾಲುವೆಗೆ ಕೊನೆ ಹೊಲದಿಂದ ಒಂದು ರಿವ್ಯೂ

ನಮ್ಮ ಸೊಸೆ ಏನೇ ತರಿಸಿದರೂ ಫೋನಿನಲ್ಲಿ ರಿವ್ಯೂ ಬರೆಯುತ್ತಾಳೆ. ಮಿಕ್ಸರ್ ಜಾರು, ಮಗುವಿನ ಟೋಪಿ, ಸೊಳ್ಳೆ ಬ್ಯಾಟು, ಎಲ್ಲಕ್ಕೂ ಸ್ಟಾರ್. ಯುಗಾದಿಗೆ ಊರಿಗೆ ಬಂದವಳು, "ಅತ್ತೀ, ನೀವು ಇಷ್ಟು ವರ್ಷದಾಗ ಭಾಳ ಬಳಸಿದ್ದು ಯಾವುದು? ಅದಕ್ಕ ನೀವೂ ಒಂದು ಬರೀರಿ" ಅಂದಳು. ರೊಟ್ಟಿ ಹಂಚು ಅನ್ನಲು ಬಾಯಿ ತೆರೆದೆ. ಆಮೇಲೆ ಯೋಚಿಸಿದರೆ, ಹಂಚಿಗಿಂತ ಜಾಸ್ತಿ ಕಾಯಿಸಿದ್ದು, ಸತಾಯಿಸಿದ್ದು ಕಾಲುವೆ ನೀರು. 1994ರಲ್ಲಿ ಈ ಮನೆಗೆ ಬಂದೆ. ಅಲ್ಲಿಂದ 31 ವರ್ಷ ಆ ನೀರನ್ನೇ ಬಳಸುತ್ತಿದ್ದೇನೆ. ಬಳಸುತ್ತಿದ್ದೇನೆ ಅನ್ನುವುದಕ್ಕಿಂತ ಕಾಯುತ್ತಿದ್ದೇನೆ ಅಂದರೆ ಸರಿ.

ನಮ್ಮದು ನಾಲ್ಕು ಎಕರೆ ಎರೆ ಹೊಲ. ರಾಯಚೂರು ಜಿಲ್ಲೆಯ ಮಾನ್ವಿ ದಾಟಿ ಸಿರವಾರದ ಕಡೆ, ಒಂದು ಉಪಕಾಲುವೆಯ ಬಾಲದಲ್ಲಿದೆ. ಯಾವ ಉಪಕಾಲುವೆ, ಎಷ್ಟನೇ ತೂಬು ಅಂತ ಹೇಳುವುದಿಲ್ಲ. ನಾಳೆ ಬೆಳಿಗ್ಗೆ ಎದ್ದರೆ ಕಾಲುವೆಯ ನೀರು ನೋಡಿಕೊಳ್ಳುವ ಅದೇ ಗ್ಯಾಂಗ್‌ಮನ್ ಮುಖ, ಅದೇ ಮೇಲಿನ ಹೊಲದವರ ಮುಖ ನೋಡಬೇಕು. ನಮ್ಮ ಮನೆಯವರಿಗೆ ರಾತ್ರಿ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಅದಕ್ಕೆ ನೀರಿಗೆ ಹೋಗುವವಳು ನಾನೇ. ಹಳೆಯ ಡೈರಿಯೊಂದರಲ್ಲಿ ನೀರು ಬಂದ ದಿನ, ಹೋದ ದಿನ, ಖರ್ಚು, ಅಡತಿ (ದಲ್ಲಾಳಿ) ಅಂಗಡಿಯ ಪಟ್ಟಿ ಎಲ್ಲ ಬರೆದಿಟ್ಟಿದ್ದೇನೆ. ಸ್ವಸಹಾಯ ಸಂಘದ ಲೆಕ್ಕ ಬರೆದು ಬರೆದು ಬಂದ ಚಟ ಅದು.

ಮೊದಲು ರೇಟಿನ ಮಾತು. ಭತ್ತಕ್ಕೆ ಎಕರೆಗೆ ನೂರು ರೂಪಾಯಿ ನೀರಿನ ಕರ. ಜೋಳ, ಹತ್ತಿಗೆ ಅದಕ್ಕಿಂತ ಕಡಿಮೆ. ಇವತ್ತಿನ ಕಾಲದಲ್ಲಿ ನೂರು ರೂಪಾಯಿಗೆ ಒಂದು ಲೀಟರ್ ಪೆಟ್ರೋಲೂ ಬರುವುದಿಲ್ಲ. ಆ ಲೆಕ್ಕದಲ್ಲಿ ರೇಟಿಗೆ ಐದಕ್ಕೆ ಐದು ಸ್ಟಾರ್ ಕೊಡಲೇಬೇಕು. ಆದರೆ ಅಗ್ಗದ ನೀರು ಬಾರದೆ ಹೋದರೆ ಅದರಷ್ಟು ದುಬಾರಿ ಬೇರೆ ಯಾವುದೂ ಇಲ್ಲ. ಅದು ಹೇಗೆ ಅಂತ ಮುಂದೆ ಲೆಕ್ಕ ಸಮೇತ ಹೇಳುತ್ತೇನೆ.

ಮಾಲು ಹೇಗಿದೆ? ಚಿನ್ನದಂಥ ಮಾಲು. ಮಲೆನಾಡಿನ ಮಳೆ ನೀರು ಅದು. ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಸೇರಿ, ಹೊಸಪೇಟೆ ಹತ್ತಿರ ಅಣೆಕಟ್ಟೆಯಲ್ಲಿ ನಿಂತು, ಎಡಗಡೆಯ ಕಾಲುವೆಯಲ್ಲಿ ನಮ್ಮ ಕಡೆ ಹೊರಡುತ್ತದೆ. 1945ರಲ್ಲಿ ಮದ್ರಾಸ್ ಸರ್ಕಾರ ಒಂದು ದಂಡೆಯಲ್ಲಿ, ಹೈದರಾಬಾದ್ ಸರ್ಕಾರ ಇನ್ನೊಂದು ದಂಡೆಯಲ್ಲಿ ಅಡಿಗಲ್ಲು ಹಾಕಿದವು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರ್. ಹಳೆ ಲೆಕ್ಕದಲ್ಲಿ 141 ಮೈಲಿ. ನಮ್ಮಲ್ಲಿ ಇವತ್ತಿಗೂ ಕಾಲುವೆಯ ಮಾತೆಲ್ಲ ಮೈಲಿಯಲ್ಲೇ. ಗೇಜ್ ಅಂದರೆ ಕಾಲುವೆಯಲ್ಲಿ ನಿಂತ ನೀರಿನ ಮಟ್ಟದ ಅಳತೆ. "ನೂರಾ ನಾಲ್ಕನೇ ಮೈಲಿನಾಗ ಗೇಜ್ ಎಷ್ಟೈತ್ರೀ?" ಅನ್ನುವುದು ಆಗಸ್ಟ್‌ನಿಂದ ನವೆಂಬರ್ ತನಕ ನಮ್ಮೂರಿನಲ್ಲಿ "ಊಟ ಆಯ್ತಾ?" ಅಂದ ಹಾಗೆ. ನನ್ನ ಡೈರಿಯ ಪ್ರಕಾರ ಅಲ್ಲಿ ಆರು ಅಡಿ ನಿಂತರೆ ನಮ್ಮ ತೂಬಿಗೆ ನೀರು ಹತ್ತುತ್ತದೆ. ಐದಕ್ಕೆ ಇಳಿದರೆ ಕಪ್ಪೆಗೆ ಸಾಕು, ಹೊಲಕ್ಕಲ್ಲ.

ಈ ಗೇಜ್ ಅನ್ನುವುದೇ ನಮ್ಮ ಪಾಲಿನ ಆರ್ಡರ್ ಟ್ರ್ಯಾಕಿಂಗ್. ಸೊಸೆಯ ಫೋನಿನಲ್ಲಿ "ನಿಮ್ಮ ಪಾರ್ಸೆಲ್ ಹೊರಟಿದೆ" ಅಂತ ಬರುತ್ತದಲ್ಲ, ಹಾಗೆ ಡ್ಯಾಂನಿಂದ ನೀರು ಬಿಟ್ಟ ಸುದ್ದಿ ಟಿವಿಯಲ್ಲಿ ಬರುತ್ತದೆ. ಮಂತ್ರಿಗಳು ಹೂ ಹಾಕುತ್ತಾರೆ, ಕಾಯಿ ಒಡೆಯುತ್ತಾರೆ. ಕಾರಟಗಿ ಕಡೆ ಇರುವ ನಮ್ಮ ನಾದಿನಿ ಅದೇ ವಾರ ಫೋನ್ ಮಾಡಿ, "ವೈನೀ, ನಾವು ಗದ್ದಿ ಹದ ಮಾಡಾಕ ಹತ್ತೀವಿ" ಅನ್ನುತ್ತಾಳೆ. ನಾನು ನಮ್ಮ ಕಾಲುವೆ ನೋಡಲು ಹೋಗುತ್ತೇನೆ. ಒಳಗೆ ಜಾಲಿ ಬೆಳೆದು, ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ.

2022ರ ಡೈರಿಯಲ್ಲಿ ಹೀಗಿದೆ. ಮುಖ್ಯ ಕಾಲುವೆಗೆ ನೀರು ಬಿಟ್ಟ ಸುದ್ದಿ ಕೇಳಿದ ದಿನಕ್ಕೂ ನಮ್ಮ ತೂಬಿನಲ್ಲಿ ಮೊದಲ ನೀರು ಕಂಡ ದಿನಕ್ಕೂ ನಡುವೆ 26 ದಿನ. ಅಷ್ಟರಲ್ಲಿ ಗ್ಯಾಂಗ್‌ಮನ್‌ಗೆ ನಾನು ಎಷ್ಟು ಸಲ ಫೋನ್ ಮಾಡಿದೆನೋ ಲೆಕ್ಕವಿಲ್ಲ. ಅವನು ಪಾಪ ಒಳ್ಳೆಯವನೇ. ಪ್ರತಿ ಸಲವೂ ಒಂದೇ ಉತ್ತರ. "ಬರ್ತಾವ್ರೀ ಅಕ್ಕಾರ, ಮ್ಯಾಲಿನವ್ರು ಬಿಟ್ರ ಬರ್ತಾವ." ನಮ್ಮ ಕಡೆ ನೀರು ಬರುವುದಿಲ್ಲ, ಬರುತ್ತಾವೆ. ಮರ್ಯಾದೆ ಕೊಟ್ಟು ಕರೆದರೂ ಬರುವುದು ಅಪರೂಪ, ಅದು ಬೇರೆ ಮಾತು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳಾ ಅನ್ನುವ ಗಾದೆಯನ್ನು ಮಾಡಿದವರು ನಮ್ಮ ಊರು ನೋಡಿರಲಿಕ್ಕಿಲ್ಲ. ಇಲ್ಲಿ ಬಂದವಳು ಕೊಡ ಹಿಡಿದು ನಿಂತೇ ಇದ್ದಾಳೆ, ನೀರೇ ಊರಿಗೆ ಬರುವುದಿಲ್ಲ.

ಬಂದ ರಾತ್ರಿಯ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ರಿವ್ಯೂ ಸುಳ್ಳಾಗುತ್ತದೆ. ಒಣಗಿದ ಕಾಲುವೆಗೆ ನೀರು ಬರುವಾಗ ಮೊದಲು ಕಾಣುವುದಿಲ್ಲ, ಕೇಳುತ್ತದೆ. ಯಾರೋ ಜೋಳದ ಸೊಪ್ಪೆಯ ಮೇಲೆ ಕಾಲೆಳೆದುಕೊಂಡು ನಡೆದು ಬಂದ ಹಾಗೆ ಸರಸರ ಅನ್ನುತ್ತದೆ. ಬ್ಯಾಟರಿ ಬೆಳಕು ಬಿಟ್ಟರೆ ನೊರೆಯ ಒಂದು ಸಾಲು, ಅದರ ಮುಂದೆ ಒಣ ಎಲೆ, ಒಂಟಿ ಚಪ್ಪಲಿ, ನೀರಿನ ಬಾಟಲಿ, ಗುಟ್ಕಾ ಚೀಟಿ, ಎಲ್ಲವೂ ಜಾತ್ರೆಗೆ ಹೊರಟ ಹಾಗೆ ಬರುತ್ತಿರುತ್ತವೆ. ಅದು ದಾಟಿದ ಅರ್ಧ ಗಂಟೆಗೆ ಎಲ್ಲಿದ್ದವೋ ಕಪ್ಪೆಗಳು ಶುರು ಮಾಡುತ್ತವೆ. ಬಿರುಕು ಬಿಟ್ಟ ಎರೆ ಮಣ್ಣು ನೀರು ಕುಡಿಯುವಾಗ ಬುಳುಬುಳು ಅನ್ನುತ್ತದೆ. ಆ ಒಂದು ಗಂಟೆಗೆ ನಾನು ಹತ್ತು ಸ್ಟಾರ್ ಬೇಕಾದರೂ ಕೊಟ್ಟೇನು.

ಅದೇ ರಾತ್ರಿ ಎರಡು ಗಂಟೆಗೆ ನೀರು ಮೆಲ್ಲಗೆ ಇಳಿಯುತ್ತದೆ. ಮೇಲೆ ಯಾರೋ ಪೈಪು ಇಳಿಬಿಟ್ಟಿರುತ್ತಾರೆ. ಇಲ್ಲ, ತೂಬಿಗೆ ಚೀಲ ಮಣ್ಣು ಒತ್ತಿ ತಮ್ಮ ಕಡೆ ತಿರುಗಿಸಿಕೊಂಡಿರುತ್ತಾರೆ. ನಾನು ಸನಿಕೆ ಹಿಡಿದು ಕಾಲುವೆ ಏರಿಯ ಮೇಲೆ ನಡೆಯುತ್ತೇನೆ. ಒಬ್ಬಳೇ ಹೋಗುವ ಧೈರ್ಯ ಇಲ್ಲ, ಪಕ್ಕದ ಹೊಲದ ಕಾಕಾನನ್ನು ಎಬ್ಬಿಸಿಕೊಂಡು ಹೋಗುತ್ತೇನೆ. ಪೈಪಿನ ಹತ್ತಿರ ಯಾರೂ ಇರುವುದಿಲ್ಲ. ಪಂಪು ಮಾತ್ರ ಗೊಣಗುತ್ತಿರುತ್ತದೆ. ಬೆಳಿಗ್ಗೆ ಕೇಳಿದರೆ, "ನಮ್ದಲ್ಲವ್ವಾ, ಯಾರದೋ" ಅನ್ನುತ್ತಾರೆ. ಪೈಪುಗಳಿಗೆ ಅಪ್ಪ ಅಮ್ಮ ಇಲ್ಲದ ಊರು ನಮ್ಮದು. ಬರದ ವರ್ಷ ಕಾಲುವೆಯ ಮೇಲೆ ನಿಷೇಧಾಜ್ಞೆ ಹಾಕಿ ಪೊಲೀಸರನ್ನು ನಿಲ್ಲಿಸುವುದೂ ಉಂಟು. 2024ರಲ್ಲಿ ಈ ಅಕ್ರಮ ಪಂಪುಗಳನ್ನು ತಡೆಯಲೆಂದೇ ನೀರಾವರಿ ಕಾಯ್ದೆಗೆ ತಿದ್ದುಪಡಿ ಮಾಡಿದರು. ಕಾಯ್ದೆ ಬೆಂಗಳೂರಿನಿಂದ ಹೊರಟಿದೆ. ಅದಕ್ಕೂ ನಮ್ಮೂರು ಟೇಲೆಂಡ್, ಕಾಲುವೆಯ ಕೊನೆ ಅಲ್ವಾ, ಬರಬೇಕು.

ಹಾಗಂತ ಎಲ್ಲ ಮೇಲಿನವರ ತಪ್ಪು ಅಂತ ಬರೆದು ಮುಗಿಸಿದರೆ ಅದು ನ್ಯಾಯವಲ್ಲ. ಗೊತ್ತಿಲ್ಲದ ಓದುಗರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಈ ಕಾಲುವೆ ಹುಟ್ಟಿದ್ದು ಬರ ತಡೆಯಲು. ನಮ್ಮ ಕಡೆ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಒಂದು ವರ್ಷ ಕೊಟ್ಟರೆ ಇನ್ನೊಂದು ವರ್ಷ ಇಲ್ಲ. ಅಂಥ ಕಡೆ ಜೋಳ, ಹತ್ತಿ, ಶೇಂಗಾ ಒಣಗದ ಹಾಗೆ ಒಂದೆರಡು ಸಲ ನೀರು ಕೊಟ್ಟು, ಎಷ್ಟು ಜಾಸ್ತಿ ಎಕರೆಗೆ ಆಗುತ್ತದೋ ಅಷ್ಟಕ್ಕೆ ಹಂಚುವುದು ಮೊದಲಿನ ಯೋಚನೆ. ಭತ್ತಕ್ಕೆ ಅಂತ ಗುರುತು ಮಾಡಿದ್ದು ಸಣ್ಣ ಪಾಲು. ಆಮೇಲೆ ಕರಾವಳಿ ಆಂಧ್ರದಿಂದ ರೈತರು ಬಂದರು. ಜಾಲಿ ಕಡಿದು, ನೆಲ ಸಮ ಮಾಡಿ, ಗದ್ದೆ ಕಟ್ಟಿ, ಕ್ಯಾಂಪು ಅನ್ನುವ ಹೊಸ ಊರು ಮಾಡಿಕೊಂಡರು. ಅವರ ದುಡಿಮೆಯನ್ನು ಯಾರೂ ಅಲ್ಲಗಳೆಯುವ ಹಾಗಿಲ್ಲ. ಅವರನ್ನು ನೋಡಿ ನಮ್ಮವರೂ ಭತ್ತಕ್ಕೆ ತಿರುಗಿದರು. ಗಂಗಾವತಿ, ಕಾರಟಗಿ, ಸಿಂಧನೂರಿನ ಸೋನಾ ಮಸೂರಿ ರಾಜ್ಯದ ತುಂಬ ಹೆಸರಾಯಿತು. ಬೆಂಗಳೂರಿನಲ್ಲಿ ನಮ್ಮ ಮಗ ತಿನ್ನುವ ಅನ್ನವೂ ಅದೇ.

ಲೆಕ್ಕ ಮಾತ್ರ ಕೂಡಲಿಲ್ಲ. ಮಗನೇ ಒಂದು ದಿನ ಫೋನಿನಲ್ಲಿ ಗುಣಿಸಿ ತೋರಿಸಿದ. ಎಡದಂಡೆ ಕಾಲುವೆಗೆ ವರ್ಷಕ್ಕೆ 92 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ನೀರಾವರಿ ಅಂತ ಕಾಗದದಲ್ಲಿರುವ ಜಮೀನು ಸುಮಾರು 6 ಲಕ್ಷ ಎಕರೆ. ಸಮವಾಗಿ ಹಂಚಿದರೆ, ಅದೂ ಕಾಲುವೆಯ ಬಾಯಲ್ಲೇ ಅಳೆದರೆ, ಎಕರೆಗೆ ಮೂರೂವರೆ ಅಡಿ ನೀರು. ಇಡೀ ವರ್ಷಕ್ಕೆ ಅಷ್ಟೇ. ದಾರಿಯಲ್ಲಿ ಇಂಗಿದ್ದು, ಬಿಸಿಲಿಗೆ ಹಾರಿದ್ದು ಕಳೆದರೆ ಹೊಲಕ್ಕೆ ಉಳಿಯುವುದು ಅದಕ್ಕಿಂತ ಎಷ್ಟೋ ಕಡಿಮೆ. ಒಂದು ಬೆಳೆ ಭತ್ತಕ್ಕೆ ಹೆಚ್ಚುಕಡಿಮೆ ನಾಲ್ಕು ಅಡಿ ಬೇಕು. ಹಿಂಗಾರಿ ಜೋಳಕ್ಕೆ ಒಂದೂವರೆ ಅಡಿ ಧಾರಾಳ. ಮೇಲಿನವರು ವರ್ಷಕ್ಕೆ ಎರಡು ಭತ್ತ ತೆಗೆದರೆ ಕೆಳಗಿನವರಿಗೆ ಏನು ಉಳಿಯುತ್ತದೆ ಅಂತ ಕೇಳಲು ಎಂಜಿನಿಯರೇ ಬೇಕಾಗಿಲ್ಲ.

ಇದರ ಮೇಲೆ ಹೂಳು. ಕಟ್ಟಿದಾಗ ಅಣೆಕಟ್ಟೆಯಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಈಗ 105.78. ಹತ್ತಿರ ಹತ್ತಿರ 27 ಟಿಎಂಸಿ ಜಾಗದಲ್ಲಿ ಮಣ್ಣು ಕೂತಿದೆ. ಅದಕ್ಕೆ ಬದಲಾಗಿ ಕನಕಗಿರಿ ತಾಲ್ಲೂಕಿನ ನವಲಿ ಹತ್ತಿರ ಇನ್ನೊಂದು ಜಲಾಶಯ ಕಟ್ಟುತ್ತೇವೆ ಅನ್ನುವ ಮಾತು ಕೇಳಿ ಕೇಳಿ ನನ್ನ ಮಕ್ಕಳು ಓದಿ ಕೆಲಸಕ್ಕೂ ಸೇರಿದರು.

ಈಗ ದುಡ್ಡಿನ ಮಾತಿಗೆ ಬರೋಣ. ನೂರು ರೂಪಾಯಿಯ ನೀರು ಹೇಗೆ ದುಬಾರಿ ಅಂದೆನಲ್ಲ, ಅದಕ್ಕೆ.

2022ರ ಮುಂಗಾರಿನಲ್ಲಿ ಡ್ಯಾಂ ತುಂಬಿತ್ತು. ಈ ವರ್ಷವಾದರೂ ಬರುತ್ತದೆ ಅಂತ ಮೂರು ಎಕರೆ ಭತ್ತ ಹಾಕಿದೆವು. ನೀರು 26 ದಿನ ತಡವಾಗಿ ಬಂದದ್ದಕ್ಕೆ ನಾಟಿಯೂ ತಡ. ಸಸಿ ಮಡಿಯಲ್ಲೇ ಬಲಿತು ಹೋಗಿತ್ತು. ಆದರೂ ಬೆಳೆ ಕೈ ಹಿಡಿಯಿತು. ಹೊಡೆ ಬಿಟ್ಟು, ತೆನೆ ಬಗ್ಗಿ, ಕಾಳು ಹಾಲು ತುಂಬುವ ಹೊತ್ತಿಗೆ ಸರಿಯಾಗಿ 15 ದಿನ ಕಾಲುವೆ ಒಣಗಿತು. ಆನ್ ಆಂಡ್ ಆಫ್ ಅಂದರು, ಅಂದರೆ ಸರದಿ ಮೇಲೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವುದು. ನಮ್ಮ ಆನ್ ಬರುವ ಹೊತ್ತಿಗೆ ಮೇಲಿನವರ ಆಫ್ ಆಗಿರಲಿಲ್ಲ. ಹಾಲು ಆರಿ ಅರ್ಧ ತೆನೆ ಜೊಳ್ಳಾಯಿತು.

ಡೈರಿಯ ಆ ಪುಟ ಇಲ್ಲಿದೆ. ಗದ್ದೆ ಹದ, ಬೀಜ, ನಾಟಿ, ಗೊಬ್ಬರ, ಹುಳದ ಎಣ್ಣೆ ಹೊಡೆದದ್ದು, ಮಷೀನಿನ ಕೊಯ್ಲು, ಹಮಾಲಿ, ಎಲ್ಲ ಸೇರಿ ಮೂರು ಎಕರೆಗೆ 1,08,400 ರೂಪಾಯಿ. ಬಂದದ್ದು 73 ಚೀಲ. ನಮ್ಮಲ್ಲಿ ಚೀಲ ಅಂದರೆ 75 ಕೆಜಿ. ಜೊಳ್ಳು ಜಾಸ್ತಿ ಅಂತ ಅಡತಿಯವರು ಮುಖ ಸಿಂಡರಿಸಿ ಚೀಲಕ್ಕೆ 1,500 ಹಾಕಿದರು. ಪಟ್ಟಿ 1,09,500. ಉಳಿದದ್ದು 1,100 ರೂಪಾಯಿ. ನಾಲ್ಕು ತಿಂಗಳು, ಇಬ್ಬರು ಮನುಷ್ಯರು, ಎಷ್ಟೋ ರಾತ್ರಿ. ಅದರಲ್ಲಿ ಗೊಬ್ಬರದ ಅಂಗಡಿಯ ಉದ್ರಿಗೆ ಹಾಕಿದ ಬಡ್ಡಿ ಇನ್ನೂ ಸೇರಿಸಿಲ್ಲ. ನಮ್ಮ ನಾದಿನಿಗೆ ಅದೇ ವರ್ಷ, ಅದೇ ತಳಿ, ಎಕರೆಗೆ 39 ಚೀಲ. ನಮಗೆ 24 ಚಿಲ್ಲರೆ. ನಡುವೆ ಇದ್ದದ್ದು ಆ 15 ದಿನದ ನೀರು ಅಷ್ಟೇ.

ಇನ್ನೊಂದು ಲೆಕ್ಕ ಇದೆ, ಅದನ್ನು ಯಾವ ಆಫೀಸಿನವರೂ ಬರೆದುಕೊಳ್ಳುವುದಿಲ್ಲ. ನಮ್ಮ ಕಾಲುವೆ ಒಣಗಿದ್ದ ಆ 26 ದಿನದಲ್ಲಿ ನಾನು ಸುಮ್ನೆ ಕೂತಿರಲಿಲ್ಲ. ನಮ್ಮೂರಿನ ಹನ್ನೊಂದು ಹೆಂಗಸರು ಟಂಟಂ ಗಾಡಿ ಮಾಡಿಕೊಂಡು ಸಿಂಧನೂರು ಕಡೆಯ ಕ್ಯಾಂಪುಗಳಿಗೆ ನಾಟಿಗೆ ಹೋಗಿದ್ದೆವು. ಶಾಲೆಯ ಹಿಂದಿನ ಶೆಡ್ಡಿನಲ್ಲಿ ಬಿಡಾರ. ಬೆಳಿಗ್ಗೆ ಆರಕ್ಕೆ ಗದ್ದೆಗೆ ಇಳಿದರೆ ಮೊಣಕಾಲಿನ ತನಕ ನೀರು. ಆ ನೀರು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು, ಕಾಲು ತಣ್ಣಗಿರುತ್ತಿತ್ತು. ಹದಿನೆಂಟು ದಿನಕ್ಕೆ ನನ್ನ ಪಾಲಿಗೆ 11,700 ರೂಪಾಯಿ ಬಂತು. ಅಂದರೆ ನಮ್ಮ ಸ್ವಂತ ಮೂರು ಎಕರೆ ನಾಲ್ಕು ತಿಂಗಳಲ್ಲಿ ಕೊಟ್ಟಿದ್ದಕ್ಕಿಂತ ಹತ್ತು ಪಟ್ಟಿಗೂ ಮೇಲೆ. ನಮ್ಮ ಹೊಲಕ್ಕೆ ಬರದ ನೀರು ನನಗೆ ಕೂಲಿಯಾಗಿ ಬಂತು ಅನ್ನಿ. ಇದನ್ನು ಸೇವೆಯ ಲಾಭ ಅಂತ ಬರೆಯಬೇಕೋ ದೋಷ ಅಂತ ಬರೆಯಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕ್ಯಾಂಪಿನ ಮನೆಯ ಯಜಮಾನಿ ಮಾತ್ರ ಒಳ್ಳೆಯವಳು. ಹೋಗುವಾಗ ಒಂದೊಂದು ಸೇರು ಹೊಸ ಅಕ್ಕಿ ಕೊಟ್ಟು, "ನಿಮ್ಮ ಕಡೆ ನೀಳ್ಳು ಬಂದಾಯಾ ಅಕ್ಕಾ?" ಅಂತ ಅರ್ಧ ತೆಲುಗಿನಲ್ಲಿ ಕೇಳಿದಳು. ಇಲ್ಲ ಅಂದೆ. ತಲೆ ತಗ್ಗಿಸಿದಳು.

2023ರಲ್ಲಿ ಬರ. ಡ್ಯಾಂ ತುಂಬಲಿಲ್ಲ. ಎರಡನೇ ಬೆಳೆಗೆ ನೀರಿಲ್ಲ ಅಂದರು. ಆ ವರ್ಷದ ರಿವ್ಯೂ ಇಷ್ಟೇ. ಮೈದುನನ ಮನೆಯವರು ಬೀಗ ಹಾಕಿ ಬೆಂಗಳೂರಿಗೆ ಗುಳೆ ಹೋದರು. ಎಮ್ಮೆ ನಮ್ಮ ಕೊಟ್ಟಿಗೆಗೆ ಬಂತು.

2024ರ ಕಥೆ ನಿಮಗೂ ಗೊತ್ತಿರುತ್ತದೆ. ಜುಲೈನಲ್ಲಿ ಡ್ಯಾಂ ತುಂಬಿತು, ಎಲ್ಲರ ಮುಖದಲ್ಲೂ ಕಳೆ. ಆಗಸ್ಟ್ 10, ಶನಿವಾರ ರಾತ್ರಿ, 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿ ಹೋಯಿತು. ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ನಮ್ಮ ಮನೆಯವರು ಟಿವಿ ಮುಂದೆ ನಿಂತವರು ಮಾತೇ ಆಡಲಿಲ್ಲ. ಒಂದು ಬಾಗಿಲು ಹೋದ ಮೇಲೆ ಒತ್ತಡ ತಗ್ಗಿಸಲು ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು. ಕಣ್ಣೆದುರೇ ವರ್ಷದ ಊಟ ಹೊಳೆಗೆ ಹೋದ ಹಾಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಆ ವಾರ ಊರೆಲ್ಲ ಅದೇ ಮಾತು. 33 ಗೇಟುಗಳಲ್ಲಿ ಒಂದಕ್ಕೆ ಏನಾದರೂ ಆದರೆ ನಾಲ್ಕು ಜಿಲ್ಲೆಯ ಒಲೆ ಆರುತ್ತದೆ ಅಂತ ಅವತ್ತಿನವರೆಗೆ ನಾನು ಯೋಚಿಸಿಯೇ ಇರಲಿಲ್ಲ. 70 ವರ್ಷ ಯಾರೂ ಯೋಚಿಸಿರಲಿಲ್ಲ ಅನ್ನಿಸುತ್ತದೆ.

ಒಳ್ಳೆಯದನ್ನೂ ಬರೆಯಬೇಕು. ಕನ್ನಯ್ಯ ನಾಯ್ಡು ಅನ್ನುವ ಹಿರಿಯ ಎಂಜಿನಿಯರ್ ಬಂದು, ಹರಿಯುವ ನೀರಿನಲ್ಲೇ ಕಬ್ಬಿಣದ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದೊಳಗೆ ಆ ಬಾಯಿ ಮುಚ್ಚಿಸಿದರು. ಕ್ರೇನಿನಿಂದ ಮೊದಲ ಹಲಗೆ ಕೂತಾಗ ಟಿವಿಯಲ್ಲಿ ಕೆಲಸಗಾರರು ಚಪ್ಪಾಳೆ ತಟ್ಟಿದರು, ನಮ್ಮ ಮನೆಯಲ್ಲೂ ತಟ್ಟಿದೆವು. ಸೆಪ್ಟೆಂಬರ್‌ನಲ್ಲಿ ಮಳೆಯಾಗಿ ಡ್ಯಾಂ ಮತ್ತೆ ತುಂಬಿತು. ದೇವರು ಒಂದೊಂದು ಸಲ ರಿಪ್ಲೇಸ್‌ಮೆಂಟ್ ಕಳಿಸುತ್ತಾನೆ.

ಆ ವರ್ಷ ನಮಗೆ ಬೆಳೆ ಬಂತು. ಅದಕ್ಕೆ ಕಾರಣ ಪೂರ್ತಿ ಕಾಲುವೆಯೂ ಅಲ್ಲ. 2022ರ ಆ 1,100 ರೂಪಾಯಿ ನನ್ನ ಎದೆಯಲ್ಲಿ ಕೂತುಬಿಟ್ಟಿತ್ತು. ನಮ್ಮದು ನೀರಿನ ಕೊರತೆಗಿಂತ ತಾರೀಖಿನ ಕೊರತೆ ಅಂತ ಡೈರಿ ತಿರುವಿ ಹಾಕಿದಾಗ ಗೊತ್ತಾಯಿತು. ಯಾವ ವರ್ಷವೂ ನೀರು ಪೂರ್ತಿ ತಪ್ಪಿಲ್ಲ, 2023ರಂಥ ಬರದ ವರ್ಷಗಳ ಎರಡನೇ ಬೆಳೆ ಬಿಟ್ಟು. ಬೇಕಾದಾಗ ಬರುವುದಿಲ್ಲ, ಅಷ್ಟೇ. ಬೇಡವಾದಾಗ, ಹತ್ತಿ ಬಿಡಿಸುವ ಹೊತ್ತಿನಲ್ಲಿ, ಕಾಲುವೆ ತುಂಬಿ ಹೊಲಕ್ಕೆ ನುಗ್ಗಿದ್ದೂ ಇದೆ. ಅದಕ್ಕೆ 2024ರ ಬೇಸಿಗೆಯಲ್ಲಿ ಹೊಲದ ಮೂಲೆಯಲ್ಲಿ ಹೊಂಡ ತೋಡಿಸಿದೆವು.

ಹೊಂಡದ ಬಗ್ಗೆ ಕೇಳುವವರು ಬಹಳ ಇದ್ದಾರೆ, ಆದ್ದರಿಂದ ಬಿಡಿಸಿ ಬರೆಯುತ್ತೇನೆ. ಮೇಲೆ ನೂರು ಅಡಿ ಉದ್ದ, ನೂರು ಅಡಿ ಅಗಲ, ಕೆಳಗೆ ಎಂಬತ್ತು ಎಂಬತ್ತು, ಆಳ ಹತ್ತು ಅಡಿ. ಏರಿ ಸೇರಿ ಹದಿನಾಲ್ಕು ಗುಂಟೆ ಜಾಗ ಹೋಯಿತು. ಇದ್ದ ನಾಲ್ಕು ಎಕರೆಯಲ್ಲಿ ಅಷ್ಟು ಜಾಗ ಕೊಡುವಾಗ ನಮ್ಮ ಮನೆಯವರು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಜೆಸಿಬಿ ಮತ್ತು ಟ್ರ್ಯಾಕ್ಟರಿಗೆ 1,30,000 ಖರ್ಚು. ಸಂಘದ ಸಾಲ, ಮಗನ ಉಳಿತಾಯ. ಸರ್ಕಾರದ ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡಕ್ಕೆ ಸಹಾಯಧನ ಇದೆಯಲ್ಲ ಅಂತ ವಿಚಾರಿಸಿದೆ. ಅದು ಮಳೆ ನಂಬಿದ ಹೊಲಗಳಿಗೆ. ನಮ್ಮದು ಪಹಣಿಯಲ್ಲಿ ನೀರಾವರಿ. ಪಹಣಿಗೆ ನೀರು ಬಂದಿದೆ, ಹೊಲಕ್ಕೆ ಬಂದಿಲ್ಲ ಅಂದೆ. ಎದುರಿಗೆ ಕೂತವರು ನಕ್ಕರು, ನಾನೂ ನಕ್ಕೆ.

ಪ್ಲಾಸ್ಟಿಕ್ ಹಾಳೆ ಹಾಕಿಸಲಿಲ್ಲ. ಎರೆ ಮಣ್ಣು ನೆನೆದರೆ ಉಬ್ಬಿ ತಾನೇ ಮುಚ್ಚಿಕೊಳ್ಳುತ್ತದೆ ಅಂತ ಕಾಕಾ ಹೇಳಿದ. ಪೂರ್ತಿ ಸುಳ್ಳಲ್ಲ. ಆದರೆ ಬೇಸಿಗೆಯಲ್ಲಿ ಬಿಟ್ಟ ಬಿರುಕು ಮುಚ್ಚಿಕೊಳ್ಳುವ ತನಕ ಮೊದಲ ಸಲದ ನೀರು ಒಂದೂವರೆ ಅಡಿ ಹಾಗೇ ಇಳಿದು ಹೋಯಿತು. ಹೊಸದಾಗಿ ತೋಡಿಸುವವರು ತಳಕ್ಕೆ ಮೊದಲು ಸ್ವಲ್ಪ ನೀರು ಬಿಟ್ಟು, ಎಮ್ಮೆ ತುಳಿಸಿ, ಆಮೇಲೆ ತುಂಬಿಸಿ. ಮೈದುನನ ಎಮ್ಮೆ ಆ ಕೆಲಸಕ್ಕೆ ಚೆನ್ನಾಗಿ ಒದಗಿತು.

ಹಿಡಿಯುವುದು ಸುಮಾರು 80 ಸಾವಿರ ಘನ ಅಡಿ. ನಮ್ಮ ಸರದಿಯಲ್ಲಿ ನೀರು ಚೆನ್ನಾಗಿದ್ದರೆ ಎರಡು ರಾತ್ರಿ ಒಂದು ಹಗಲಿಗೆ ತುಂಬುತ್ತದೆ. ಎರಡೂವರೆ ಎಕರೆ ಹತ್ತಿಗೆ ಎರಡು ಸಲ ಕೈತುಂಬ ನೀರು ಕಟ್ಟಬಹುದು. ಭತ್ತಕ್ಕೆ ಸಾಲದು, ಆ ಆಸೆ ಬಿಡಿ. ಎರಡು ಸಲಕ್ಕೆ 60 ಲೀಟರ್ ಡೀಸೆಲ್ ಕುಡಿಯಿತು. ನೂರು ರೂಪಾಯಿಯ ನೀರಿನ ನಿಜವಾದ ರೇಟು ಅಲ್ಲಿ ಗೊತ್ತಾಯಿತು. ಆದರೂ ಅಕ್ಟೋಬರ್ ಕೊನೆಗೆ ಕಾಯಿ ಕಟ್ಟುವಾಗ ಕಾಲುವೆ ಹನ್ನೆರಡು ದಿನ ಒಣಗಿದರೂ ನಾನು ಗ್ಯಾಂಗ್‌ಮನ್‌ಗೆ ಫೋನ್ ಮಾಡಲಿಲ್ಲ. ಅವನೇ ಗಾಬರಿಯಾಗಿ ಫೋನ್ ಮಾಡಿದ. "ಯಾಕ್ರೀ ಅಕ್ಕಾರ, ಆರಾಮ ಅದೀರಿಲ್ಲ?"

ಹತ್ತಿ 23 ಕ್ವಿಂಟಲ್ ಬಂತು. ಕ್ವಿಂಟಲಿಗೆ 7,000ದ ಆಸುಪಾಸು ಸಿಕ್ಕಿತು. ಬಿಡಿಸಿದ ಕೂಲಿ, ಬೀಜ, ಎಣ್ಣೆ, ಡೀಸೆಲ್ ಎಲ್ಲ ಕಳೆದು 86,000 ಕೈಯಲ್ಲಿ ಉಳಿಯಿತು. ಒಂದು ಎಕರೆಯಲ್ಲಿ ಬಿಳಿಜೋಳ ಬೆಳೆದು ವರ್ಷದ ರೊಟ್ಟಿಗೆ ಆಯಿತು, ಎಮ್ಮೆಗೆ ಸೊಪ್ಪೆಯೂ ಆಯಿತು. ಪೂರ್ತಿ ಹೊಂಡದ ಪುಣ್ಯ ಅನ್ನಲಾರೆ, ಆ ವರ್ಷ ಮಳೆಯೂ ಕೈ ಹಿಡಿಯಿತು. ಪಕ್ಕದೂರಿನವರು ಅದೇ ನೀರು ನಂಬಿ ಮೆಣಸಿನಕಾಯಿ ಹಾಕಿದ್ದರು. ಬೆಳೆ ಬಂತು, ರೇಟು ಬಿತ್ತು. ನೀರು ಸರಿಯಾಗಿ ಬಂದರೂ ಮಾರುಕಟ್ಟೆ ಅನ್ನುವ ಇನ್ನೊಂದು ಕಾಲುವೆ ಇದೆ. ಅದರ ಗೇಜ್ ನೋಡುವವರು ಯಾರೂ ಇಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮ ಕೆಳಗೂ ಆರು ಹೊಲ ಇವೆ. ನಾನು ಎರಡು ರಾತ್ರಿ ಹೊಂಡ ತುಂಬಿಸುವಾಗ ಆ ಕೊನೆಯ ಹೊಲದ ಅಜ್ಜ ಬಂದು ಏರಿಯ ಮೇಲೆ ಬೀಡಿ ಹಚ್ಚಿಕೊಂಡು ಕೂತ. ಏನೂ ಬೈಯಲಿಲ್ಲ. "ನೀನೂ ಮ್ಯಾಲಿನಾಕಿ ಆದಿ ಬಿಡವ್ವಾ" ಅಂದ. ನನ್ನ ಸರದಿಯಲ್ಲೇ ತುಂಬಿಸುತ್ತಿದ್ದೇನೆ ಅಂತ ಹೇಳಿದೆ, ನಿಜವೂ ಹೌದು. ಆದರೂ ಆ ಮಾತು ಚುಚ್ಚಿತು. ಮುಂದಿನ ಸಲ ಅರ್ಧ ರಾತ್ರಿ ಮೊದಲು ಅವನಿಗೆ ಬಿಟ್ಟು ಆಮೇಲೆ ಹೊಂಡಕ್ಕೆ ತಿರುಗಿಸಿದೆ. ಪೈಪಿಗೆ ಅಪ್ಪ ಅಮ್ಮ ಇಲ್ಲ ಅಂತ ಮೇಲೆ ಬರೆದೆನಲ್ಲ, ಅದನ್ನು ಬರೆಯುವಾಗಲೂ ಈ ಅಜ್ಜ ನೆನಪಾದ.

ಮೇಲಿನವರದ್ದು ಸ್ವರ್ಗ ಅಂತಲೂ ತಿಳಿಯಬೇಡಿ. ನಾದಿನಿಯ ಗದ್ದೆಯ ಒಂದು ಮೂಲೆಯಲ್ಲಿ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಾಗಿದೆ. ಸವಳು. ವರ್ಷಗಟ್ಟಲೆ ನೀರು ನಿಂತು ನಿಂತು ಕೆಳಗಿನ ಉಪ್ಪು ಮೇಲಕ್ಕೆ ಬಂದಿದೆ. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದವರು ನೆಲದೊಳಗೆ ಬಸಿಗಾಲುವೆ ಪೈಪು ಹಾಕುವುದನ್ನು ತೋರಿಸಿಕೊಡುತ್ತಾರೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ನಾಟಿ ಬಿಟ್ಟು, ಬೀಜವನ್ನೇ ನೇರ ಬಿತ್ತುವ ಕೂರಿಗೆ ಭತ್ತ ಮಾಡಿ, ನೀರು ಉಳಿಯುತ್ತದೆ ಅನ್ನುತ್ತಾರೆ. ನಾದಿನಿಯ ಗಂಡ ಕಳೆದ ವರ್ಷ ಎರಡು ಎಕರೆ ಕೂರಿಗೆ ಭತ್ತ ಮಾಡಿ ನೋಡಿದರು. ಕಳೆ ಜಾಸ್ತಿ ಅಂತ ಗೊಣಗಿದರು, ನಾಟಿ ಕೂಲಿ ಉಳಿಯಿತು ಅಂತ ನಕ್ಕರು. ಆ ಉಳಿದ ಕೂಲಿ ನಮ್ಮಂಥವರದ್ದೇ. ಹೀಗೆ ಈ ಕಾಲುವೆಯಲ್ಲಿ ಒಂದನ್ನು ಎಳೆದರೆ ಇನ್ನೊಂದು ಬಿಚ್ಚುತ್ತದೆ.

ಸ್ಟಾರ್ ಕೊಡದೆ ಬಿಡುವುದಿಲ್ಲ ಅಂತ ಸೊಸೆ ಹೇಳಿದ್ದಾಳೆ. ಮಾಲಿಗೆ ಐದು. ರೇಟಿಗೆ ಐದು, ಡೀಸೆಲ್ ಸೇರಿಸಿದರೆ ಮೂರು. ಹೊತ್ತಿಗೆ ಸರಿಯಾಗಿ ತಲುಪಿಸುವುದಕ್ಕೆ ಒಂದು. ಅದಕ್ಕೆ ಸೊನ್ನೆ ಕೊಡಲು ಫೋನು ಬಿಡಲಿಲ್ಲ. ಗ್ಯಾಂಗ್‌ಮನ್‌ಗೆ ಬೇರೆಯಾಗಿ ನಾಲ್ಕು, ಅವನ ಕೈಯಲ್ಲಿ ಇಲ್ಲದ್ದಕ್ಕೆ ಬೈಸಿಕೊಂಡು ಎಷ್ಟು ವರ್ಷವಾದರೂ ಫೋನು ಎತ್ತುವುದು ಬಿಟ್ಟಿಲ್ಲ. ನನ್ನ ಬೇಡಿಕೆ ದೊಡ್ಡದಲ್ಲ. ಜಾಸ್ತಿ ನೀರು ಕೇಳುತ್ತಿಲ್ಲ. ಈಗ ಕೊಡುವುದರಲ್ಲಿ ಮುಕ್ಕಾಲು ಪಾಲು ಕೊಡಿ, ಆದರೆ ಯಾವ ದಿನ ಬರುತ್ತದೆ ಅಂತ ಹೇಳಿ, ಆ ದಿನ ಬರಲಿ. ತಾರೀಖು ಗೊತ್ತಿದ್ದರೆ ನಾವು ಯಾವ ಬೆಳೆ ಅಂತ ನೋಡಿಕೊಳ್ಳುತ್ತೇವೆ.

ನಮ್ಮ ಕಡೆ ಹೊಲ ಕೊಳ್ಳುವ ಯೋಚನೆ ಇರುವವರು ಪಹಣಿಯಲ್ಲಿ "ಕಾಲುವೆ" ಅಂತ ಇರುವುದನ್ನು ನೋಡಿ ದುಡ್ಡು ಕೊಡಬೇಡಿ. ಅಕ್ಟೋಬರ್‌ನಲ್ಲಿ ಬಂದು, ರಾತ್ರಿ ಎರಡು ಗಂಟೆಗೆ ತೂಬಿನ ಹತ್ತಿರ ನಿಂತು ನೋಡಿ.

ಈಗ ಮೇ ತಿಂಗಳು. ಹೊಂಡದ ತಳದಲ್ಲಿ ಎರಡು ಅಡಿ ಹಸಿರು ನೀರಿದೆ, ಎಮ್ಮೆ ಅದರಲ್ಲೇ ಮಧ್ಯಾಹ್ನ ಕಳೆಯುತ್ತದೆ. ನಿನ್ನೆ ಸಿರವಾರಕ್ಕೆ ಹೋಗಿ ಐದು ಪಾಕೀಟು ಹತ್ತಿ ಬೀಜ ತಂದೆ, ಪಾಕೀಟಿಗೆ 900 ಚಿಲ್ಲರೆ. ಮೈದುನ ಬೆಂಗಳೂರಿನಿಂದ ಫೋನ್ ಮಾಡಿ, "ವೈನೀ, ಈ ವರ್ಷ ಡ್ಯಾಂ ಲಗೂನ ತುಂಬತೈತಂತ. ನಮ್ಮ ಎರಡು ಎಕರೆಗೆ ಭತ್ತ ಹಾಕೂಣೇನು?" ಅಂತ ಕೇಳಿದ. ಡ್ಯಾಂ ತುಂಬುವುದು ಬೇರೆ ಅಂದೆ. ಮೊದಲು ಬಂದು ನಿನ್ನ ಎಮ್ಮೆ ಬಿಡಿಸಿಕೊಂಡು ಹೋಗು, ಆಮೇಲೆ ನೂರಾ ನಾಲ್ಕನೇ ಮೈಲಿನ ಗೇಜ್ ನೋಡಿ ಹೇಳುತ್ತೇನೆ ಅಂದೆ.